ಬಕೆಟ್ ಮೇಡಂ ಗೇಟಿನಲ್ಲಿ ನಿಂತ ಸಂಜೆ

ಸಭೆಯ ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ನಿರ್ದೇಶಕರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಿವೃತ್ತ ಜನರಲ್ ಸಾಹೇಬರೇ, ವಿನ್ಯಾಸ ವಿಭಾಗದ ನನ್ನ ಸಹೋದ್ಯೋಗಿಗಳೇ, ನಾವು ಮಾಡಿದ್ದರಲ್ಲೆಲ್ಲ ಹುಳುಕು ಹುಡುಕಿಯೇ ಸಂಬಳ ಪಡೆಯುವ ಪರೀಕ್ಷಾ ವಿಭಾಗದ ಮಿತ್ರರೇ, ಕಾಫಿಯ ವಾಸನೆ ಬರುತ್ತಿರುವ ಬಾಗಿಲ ಕಡೆಗೇ ಕಣ್ಣಿಟ್ಟು ಕೂತಿರುವ ಹಿಂದಿನ ಸಾಲಿನ ಸಭಿಕರೇ,

ಕೊನೆಯದಾಗಿ, ಇಂದು ನಿವೃತ್ತರಾಗುತ್ತಿರುವ ಪರೀಕ್ಷಾ ವಿಭಾಗದ ಮುಖ್ಯಸ್ಥರೇ. ಇವರನ್ನು ಏನೆಂದು ಸಂಬೋಧಿಸಬೇಕು ಎಂಬುದೇ ನನಗೆ ಬೆಳಗಿನಿಂದ ದೊಡ್ಡ ಸಮಸ್ಯೆಯಾಗಿದೆ. ಕಚೇರಿಯಲ್ಲಿ ಮೇಡಂ ಎನ್ನುತ್ತೇನೆ. ಮನೆಯಲ್ಲಿ ಕರೆಯುವ ಹಾಗೆ ಇಲ್ಲಿ ಕರೆದರೆ ಸಂಜೆ ನನಗೆ ಊಟ ಸಿಗುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರಲಿ, ಇವರು ನನ್ನ ಹೆಂಡತಿ.

ಹೆಂಡತಿಯನ್ನು ಹೊಗಳುವುದಕ್ಕೇ ಗಂಡನನ್ನು ವೇದಿಕೆಗೆ ಹತ್ತಿಸಿದರೆ ಚೆನ್ನಾಗಿ ಕಾಣುವುದಿಲ್ಲವೆಂದು ನಿರ್ದೇಶಕರು ನನಗೊಂದು ಗಂಭೀರವಾದ ವಿಷಯ ಕೊಟ್ಟಿದ್ದಾರೆ: ಆಯುಧ ಯೋಜನೆಗಳು ಏಕೆ ಗೆಲ್ಲುತ್ತವೆ, ಏಕೆ ಸೋಲುತ್ತವೆ? ಈ ಕಾಗದದಲ್ಲಿ ಒಂದಿಷ್ಟು ಬರೆದುಕೊಂಡು ಬಂದಿದ್ದೇನೆ. ಆದರೆ ಕಾಗದ ಕೈಯಲ್ಲಿ ನಿಲ್ಲುತ್ತಿಲ್ಲ. ಮುಂದಿನ ಸಾಲಿನವರು ನನ್ನ ಬೆರಳುಗಳನ್ನೇ ನೋಡುತ್ತಿದ್ದೀರಿ. ಇದು ವಯಸ್ಸಿನಿಂದ ಬಂದದ್ದಲ್ಲ, ಸಭೆಯ ಭಯವೂ ಅಲ್ಲ. ಕಾರಣವನ್ನು ಆಮೇಲೆ ಹೇಳುತ್ತೇನೆ.

ಸ್ವಲ್ಪ ಹೊತ್ತಿನ ಹಿಂದೆ ಜನರಲ್ ಸಾಹೇಬರು ನನ್ನನ್ನು ಮುಂಚಿತವಾಗಿಯೇ ಅಭಿನಂದಿಸಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಮ್ಮ ತಂಡದ ಲಾಂಚರ್, ಅಂದರೆ ಸೈನಿಕನೊಬ್ಬ ಹೆಗಲ ಮೇಲಿಟ್ಟುಕೊಂಡು ಶತ್ರುವಿನ ಟ್ಯಾಂಕಿಗೆ ಗುರಿಯಿಡುವ ಆ ಕೊಳವೆ, ನಾಳೆಯ ಸಭೆಯಲ್ಲಿ ಒಪ್ಪಿಗೆ ಪಡೆಯುತ್ತದೆ, ಮುಂದಿನ ಪಥಸಂಚಲನದಲ್ಲಿ ಜನರ ಮುಂದೆ ಬರುತ್ತದೆ ಎಂದರು. ವರ್ಷ ಮುಗಿಯುವ ಹೊತ್ತಿಗೆ ನಾನೂ ನಿವೃತ್ತನಾಗುತ್ತೇನೆ. ಅದು ನನ್ನ ಕೈಯಿಂದ ಹೊರಡುವ ಕೊನೆಯ ಆಯುಧ. ಆ ಚಪ್ಪಾಳೆ ನನಗೆ ಎಷ್ಟು ಹಿತವಾಗಿ ಕೇಳಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಇರಲಿ, ವಿಷಯಕ್ಕೆ ಬರೋಣ. ಆಯುಧ ಯೋಜನೆ ಏಕೆ ಸೋಲುತ್ತದೆ? ದಡ್ಡರಿಂದ ಸೋಲುತ್ತದೆಯೆ? ಕಳ್ಳರಿಂದ ಸೋಲುತ್ತದೆಯೆ? ಅಂಥವರಿಂದಲೂ ಸೋಲುತ್ತದೆ, ಆದರೆ ನಾನು ಕಂಡ ಸೋಲುಗಳೆಲ್ಲ ಒಳ್ಳೆಯವರ ಪ್ರೀತಿಯಿಂದ ಆದವು. ನಮ್ಮ ಮುಖ್ಯ ದ್ವಾರದ ಪಕ್ಕ ಮರದ ಕೆಳಗೆ ನಿಂತಿರುವ ಆ ಫಿರಂಗಿ ವಾಹನವನ್ನೇ ನೋಡಿ. ನಾನು ಸೇರಿದ ಹೊಸದರಲ್ಲಿ ಅದು ಹಗುರವಾದ, ಚುರುಕಾದ ಗಾಡಿಯಾಗಿ ಹುಟ್ಟಿತು. ಒಬ್ಬ ಹಿರಿಯರು ಬಂದು, ಪಾಪ, ಒಳಗಿರುವ ಹುಡುಗರಿಗೆ ರಕ್ಷಣೆ ಸಾಲದು ಎಂದು ದಪ್ಪ ಕವಚ ಹಾಕಿಸಿದರು. ಅವರು ವರ್ಗವಾಗಿ ಹೋದ ಮೇಲೆ ಬಂದವರು ದೊಡ್ಡ ತೋಪು ಕೂರಿಸಿದರು. ಅವರ ನಂತರದವರು ನೀರಿನಲ್ಲೂ ತೇಲಲಿ ಎಂದು ಆಸೆಪಟ್ಟರು. ಯಾರೂ ಏನನ್ನೂ ತೆಗೆಸಲಿಲ್ಲ, ಎಲ್ಲರೂ ಸೇರಿಸಿದರು. ಕೊನೆಗೆ ಅದನ್ನು ಹೊರುವ ಸೇತುವೆಯೇ ಸಿಗಲಿಲ್ಲ. ಈಗ ತೋಪಿನ ಬಾಯಲ್ಲಿ ಗುಬ್ಬಿ ಗೂಡು ಕಟ್ಟಿದೆ, ನಮ್ಮ ಮಾಲಿ ತನ್ನ ಒದ್ದೆ ಬಟ್ಟೆಯನ್ನು ಅದರ ಮೇಲೆ ಒಣಹಾಕುತ್ತಾನೆ. ಅದರಿಂದ ಉಪಯೋಗ ಪಡೆದವನು ಅವನೊಬ್ಬನೇ.

ಹಾಗಾದರೆ ಗೆಲ್ಲುವುದು ಹೇಗೆ? ನಮ್ಮ ಹಗುರ ಮಾರ್ಟರ್, ಅಂದರೆ ಗುಡ್ಡದಾಚೆಗೆ ಗುಂಡು ಚಿಮ್ಮಿಸುವ ಆ ಗಿಡ್ಡ ತೋಪು, ಗೆದ್ದಿತು. ಇಂದಿಗೂ ಸೈನಿಕರು ಅದನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ಅದು ಗೆದ್ದದ್ದು ನನ್ನ ಜಾಣತನದಿಂದ ಎಂದು ಅನೇಕ ವರ್ಷ ಭಾಷಣ ಬಿಗಿದಿದ್ದೇನೆ. ಅದನ್ನು ಮತ್ತೆ ಮತ್ತೆ ತಿರಸ್ಕರಿಸಿ ನನ್ನ ಮೇಜಿಗೆ ವಾಪಸು ಕಳಿಸಿದವರು ಈ ವೇದಿಕೆಯ ಮೇಲೆ ಹೂಗುಚ್ಛ ಹಿಡಿದುಕೊಂಡು, ಇವನು ಯಾವಾಗ ಮುಗಿಸುತ್ತಾನೋ ಎಂದು ಕೂತಿದ್ದಾರೆ.

ಬೆನ್ನ ಹಿಂದೆ ನೀವೆಲ್ಲ ಇವರನ್ನು ಬಕೆಟ್ ಮೇಡಂ ಎಂದು ಕರೆಯುತ್ತೀರಿ. ಆ ಹೆಸರು ಇಟ್ಟವನು ನಾನೇ. ಪರೀಕ್ಷಾ ಮೈದಾನಕ್ಕೆ ಇವರು ಹೊರಟರೆ ಜೀಪಿನಲ್ಲಿ ಮಂಜುಗಡ್ಡೆ ತುಂಬಿದ ಒಂದು ಬಕೆಟ್ ಇರಲೇಬೇಕು. ಗುಂಡು ಹಾರಿಸುವ ಸೈನಿಕ ಕೈಗವಸು ಹಾಕಿಕೊಂಡೇ ಆ ನೀರಿಗೆ ಕೈ ಇಳಿಸಬೇಕು. ಇವರೂ ಇಳಿಸುತ್ತಾರೆ. ಬೆರಳು ಹೇಳಿದ ಮಾತು ಕೇಳದಂತಾದ ಮೇಲೆ, ಈಗ ಆಯುಧ ಬಿಚ್ಚಿ ಜೋಡಿಸಿ, ಈಗ ಹಾರಿಸಿ ಎನ್ನುತ್ತಾರೆ. ಮೊದಲ ಸಲ ಇದನ್ನು ಕಂಡಾಗ ನಮ್ಮ ವಿಭಾಗದವರೆಲ್ಲ ಮೂಗು ಮುರಿದರು. ಯುದ್ಧ ಏನು ಬಕೆಟ್‌ನಲ್ಲಿ ನಡೆಯುತ್ತದೆಯೆ ಎಂದು ನಾನು ತಮಾಷೆ ಮಾಡಿದೆ. ಆಗಿನ್ನೂ ನಮಗೆ ಮದುವೆಯಾಗಿರಲಿಲ್ಲ, ಆದ್ದರಿಂದ ತಮಾಷೆ ಮಾಡುವ ಧೈರ್ಯವಿತ್ತು. ಇವರು ಸಿಟ್ಟಾಗಲಿಲ್ಲ. ಕೈ ಒರೆಸಿಕೊಳ್ಳುತ್ತಾ ಹೇಳಿದರು:

“ಯುದ್ಧಕ್ಕೆ ಯಾರೂ ಕೈ ಒರೆಸ್ಕೊಂಡು ಬರಲ್ಲ ಸಾರ್.”

ಆ ಮಾತಿಗೆ ನಾನು ಸೋತೆ. ಮಾರ್ಟರ್ ಗೆದ್ದಿತು. ಮುಂದೆ ಒಂದು ದಿನ ಗಡಿಯಿಂದ ರಜೆಗೆ ಬಂದಿದ್ದ ಹವಾಲ್ದಾರರೊಬ್ಬರು ನಮ್ಮ ಕಚೇರಿ ಹುಡುಕಿಕೊಂಡು ಬಂದರು. ದೊಡ್ಡ ಮಾತೇನೂ ಆಡಲಿಲ್ಲ. ಹಿಮದಲ್ಲೂ ಅದು ಕೈಕೊಡಲಿಲ್ಲ ಎಂದಷ್ಟೇ ಹೇಳಿ, ತಮ್ಮ ಮಗುವಿನ ಫೋಟೋ ತೋರಿಸಿ ಹೋದರು. ನಾವು ಕೊಲ್ಲುವ ಸಾಮಾನು ಮಾಡುವವರು, ಅದನ್ನು ಮರೆತು ಮಾತಾಡಬಾರದು. ಆದರೂ ಆ ದಿನ ನಮ್ಮ ಕೆಲಸಕ್ಕೆ ಒಂದು ಮುಖ ಇದೆ ಅನ್ನಿಸಿತು.

ಮದುವೆ ನಿಶ್ಚಯವಾದಾಗ ನಮ್ಮ ಅತ್ತೆಯವರು ನಾವಿಬ್ಬರೂ ಏನು ಕೆಲಸ ಮಾಡುತ್ತೇವೆಂದು ಬಿಡಿಸಿ ಕೇಳಿದರು. ಎಲ್ಲವನ್ನೂ ಕೇಳಿಸಿಕೊಂಡು, “ಅಂದ್ರೆ ಅಳಿಯಂದಿರು ಮಾಡೋದು, ನಮ್ಮ ಹುಡುಗಿ ಮುರಿಯೋದು. ಮನೇಲೂ ಹೀಗೇನಾ?” ಎಂದರು. ಅವರಿಗೆ ಹೆದರಿಯೇ ನಾವೊಂದು ಕಟ್ಟುಪಾಡು ಮಾಡಿಕೊಂಡೆವು. ಪರೀಕ್ಷೆಯ ಮಾತು ಹೊಸಿಲು ದಾಟಬಾರದು. ಒಂದೇ ಮನೆಯಿಂದ ಹೊರಟು, ಬೇರೆ ಬೇರೆ ಬಸ್ಸು ಹತ್ತಿ, ಬೇರೆ ಬೇರೆ ಗೇಟಿನಿಂದ ಒಳಗೆ ಹೋಗುತ್ತಿದ್ದೆವು. ನನ್ನ ಆಯುಧ ಪಾಸೋ ಫೇಲೋ ಎಂಬುದು ಪಕ್ಕದ ದಿಂಬಿನ ಮೇಲೆ ಮಲಗಿದವರಿಗೆ ಗೊತ್ತಿರುತ್ತಿತ್ತು. ನನಗೆ ಮಾತ್ರ ಅದು ಕಚೇರಿಯ ಮೂಲಕವೇ ತಿಳಿಯಬೇಕಾಗಿತ್ತು. ಇವರು ಬಾಯಿ ಬಿಟ್ಟವರಲ್ಲ. ನಾನೂ ಕೇಳಿದವನಲ್ಲ.

ಆದರೆ ಒಂದು ಸಂಗತಿಯಿದೆ, ಅದನ್ನು ಹೇಳಬಾರದೆಂದುಕೊಂಡು ಬಂದಿದ್ದೆ. ಈಗ ಹೇಳುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಬೇಕು ಮೇಡಂ.

ನನ್ನ ಆಯುಧವನ್ನು ಫೇಲು ಮಾಡಿದ ದಿನ ಇವರು ತಮ್ಮ ಬಸ್ಸು ಹತ್ತುತ್ತಿರಲಿಲ್ಲ. ಮೈದಾನದಿಂದ ಅಷ್ಟು ದೂರ ನಡೆದು ಬಂದು ನಮ್ಮ ವಿನ್ಯಾಸ ವಿಭಾಗದ ಗೇಟಿನ ಬಳಿ ನಿಂತಿರುತ್ತಿದ್ದರು. ಹೆಗಲಿಗೆ ಚೀಲ, ಮಡಚಿಟ್ಟ ಛತ್ರಿ, ಏನೂ ನಡೆದಿಲ್ಲವೆಂಬ ಮುಖ. ಜೊತೆಗೆ ಹೋಗೋಣವೆಂದು ಬಂದೆ ಎನ್ನುತ್ತಿದ್ದರು. ದೂರದಿಂದ ಆ ಛತ್ರಿ ಕಂಡರೆ ಸಾಕು, ಆಯುಧ ಫೇಲಾಗಿದೆ ಎಂದು ನನಗೆ ತಿಳಿದುಹೋಗುತ್ತಿತ್ತು. ಗುಟ್ಟು ಬಿಟ್ಟುಕೊಟ್ಟಿದ್ದೇನೆಂದು ಇವರಿಗೂ ಗೊತ್ತಿರಲಿಲ್ಲ ಎನ್ನಿಸುತ್ತದೆ. ಸೋತ ದಿನ ಮನುಷ್ಯ ಒಬ್ಬನೇ ಬಸ್ಸಿನಲ್ಲಿ ಕೂರಬಾರದು ಎಂದಷ್ಟೇ ಅವರ ಲೆಕ್ಕ. ಜೊತೆಯಲ್ಲಿ ಹೋಗುತ್ತಿದ್ದೆವು. ಮನೆ ತಲುಪಿದ ಮೇಲೆ ಮಂಜುನೀರಿಗೆ ಬಿರಿದ ಆ ಬೆರಳುಗಳಿಗೆ ನಾನು ಮುಲಾಮು ಹಚ್ಚುತ್ತಿದ್ದೆ. ಯಾರ ಆಯುಧದಿಂದ ಬಿರಿದವು ಎಂಬ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಈಗ ನಿನ್ನೆಯ ಮಾತು. ಲಾಂಚರಿನ ಕೊನೆಯ ಪರೀಕ್ಷೆ ನಿನ್ನೆ ಇತ್ತು. ಅದರ ತೀರ್ಮಾನದ ಸಭೆ ನಾಳೆ. ನಾಳೆ ಇವರು ಈ ಸಂಸ್ಥೆಯವರಲ್ಲ, ಇವರ ಕುರ್ಚಿಯಲ್ಲಿ ಕೂತು ಪಾಸೋ ಫೇಲೋ ಎಂದು ಸಹಿ ಹಾಕುವವರು ಬೇರೆಯವರು. ಸಭೆಯನ್ನು ನಾಳೆಗೇ ಏಕೆ ಇಟ್ಟರೆಂದು ನಾನು ಕೇಳುವುದಿಲ್ಲ. ಪಥಸಂಚಲನದ ದಿನ ಹತ್ತಿರವಿದೆ, ಮೇಲಿನಿಂದ ಒತ್ತಡವಿದೆ, ನಿರ್ದೇಶಕರ ಸಂಕಟ ನನಗೆ ಅರ್ಥವಾಗುತ್ತದೆ. ಬಯಸಿದ್ದು ಕೈಗೆ ಬರುವಂತಿದ್ದಾಗ ಪ್ರಶ್ನೆ ಕೇಳಲು ಯಾರಿಗೆ ಮನಸ್ಸು ಬರುತ್ತದೆ? ನನಗೂ ಬಂದಿರಲಿಲ್ಲ.

ನಿನ್ನೆ ಸಂಜೆ ಕೆಲಸ ಮುಗಿಸಿ ಹೊರಗೆ ಬಂದೆ. ಗೇಟಿನ ಬಳಿ ಛತ್ರಿ ಹಿಡಿದುಕೊಂಡು ನಿಂತಿದ್ದಳು.

ಇಬ್ಬರೂ ಬಸ್ಸು ಹತ್ತಿದೆವು. ನಿವೃತ್ತಿಯ ನಂತರ ಹೋಗಲಿರುವ ಹೊಸ ಮನೆಯ ಕಿಟಕಿಗಳಿಗೆ ಈಗಿನ ಪರದೆಗಳು ಸಾಲುತ್ತವೋ ಇಲ್ಲವೋ ಎಂದು ಮಾತಾಡಿದೆವು. ಅವಳ ಕೈ ನೋಡಿದೆ, ಕೆಂಪಗೆ ಬಿರಿದಿತ್ತು. ಜೀವಮಾನದಲ್ಲಿ ಮೊದಲ ಸಲ ಕಟ್ಟುಪಾಡು ಮೀರಿ, ಏನಾದರೂ ಹೇಳುವುದಿದೆಯೆ ಎಂದು ಕೇಳಿಬಿಟ್ಟೆ.

“ಇದೆ,” ಎಂದಳು. “ಮನೇಲಿ ಸೋಪು ಮುಗಿದಿದೆ. ದಾರೀಲಿ ತಗೊಂಡು ಹೋಗೋಣ.”

ಸಭಿಕರೇ, ಮೇಡಂ ನನಗೆ ಏನನ್ನೂ ಹೇಳಿಲ್ಲ. ಇದನ್ನು ನಿರ್ದೇಶಕರು ದಯವಿಟ್ಟು ಗಮನಿಸಬೇಕು. ಅವರು ಗೇಟಿನ ಬಳಿ ನಿಂತಿದ್ದರು, ಅಷ್ಟೇ.

ಇಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಹೋದೆ. ಕ್ಯಾಂಟೀನಿನಿಂದ ಮಂಜುಗಡ್ಡೆ ತರಿಸಿದೆ. ನೆಲ ಒರೆಸುವ ಬಕೆಟ್ಟೇ ಸಿಕ್ಕಿತು. ಕೈಗವಸು ಹಾಕಿಕೊಂಡು ಎರಡೂ ಕೈ ಇಳಿಸಿದೆ, ನೋವು ಹೋಗಿ ಮರಗಟ್ಟುವವರೆಗೆ ತಡೆದುಕೊಂಡೆ. ಆಮೇಲೆ ನನ್ನ ಲಾಂಚರನ್ನು ಹೆಗಲಿಗೇರಿಸಿ ಸುರಕ್ಷತಾ ಕೀಲಿಗೆ ಕೈ ಹಾಕಿದೆ. ಗುಂಡು ಹಾರಬೇಕಾದರೆ ಮೊದಲು ಆ ಕೀಲಿ ಸರಿಯಬೇಕು. ಅದರ ಚಿತ್ರ ಬರೆದವನು ನಾನು, ಕತ್ತಲಲ್ಲೂ ತಡವಿ ಗುರುತಿಸಬಲ್ಲೆ. ಅದು ಸರಿಯಲಿಲ್ಲ. ಹಲ್ಲು ಕಚ್ಚಿ ಎಳೆದೆ, ಬೆರಳು ಜಾರಿತು. ಎದುರಿಗೆ ಟ್ಯಾಂಕ್ ಇರಲಿಲ್ಲ, ಬಿಳಿ ಗೋಡೆಯಿತ್ತು. ಆದ್ದರಿಂದ ಇಲ್ಲಿ ನಿಂತು ಮಾತಾಡುತ್ತಿದ್ದೇನೆ. ಮಂಜುನೀರಿಗೆ ಊದಿಕೊಂಡು ಇನ್ನೂ ಕಾಗದ ಹಿಡಿಯಲಾಗದ ಈ ಬೆರಳುಗಳ ಕಥೆ ಇಷ್ಟೇ.

ಆಯುಧ ಏಕೆ ಸೋಲುತ್ತದೆ ಎಂದು ನನ್ನ ಕಾಗದದಲ್ಲಿ ಇನ್ನೂ ಎರಡು ಪುಟ ಇದೆ. ಅವನ್ನು ಬಿಟ್ಟುಬಿಡುತ್ತೇನೆ. ಕಹಿ ಸುದ್ದಿ ತರುವವರು ನಿವೃತ್ತರಾಗಲಿ ಎಂದು ಕಾಯುವ ಕಡೆ ಆಯುಧ ಸೋಲುತ್ತದೆ. ನಮ್ಮಲ್ಲಿ ಹಾಗೆ ಆಗುವುದು ಬೇಡ. ನಿರ್ದೇಶಕರೇ, ಲಾಂಚರನ್ನು ನಾನು ವಾಪಸು ಪಡೆಯುತ್ತಿದ್ದೇನೆ. ನಾಳೆಯ ಸಭೆಯಲ್ಲಿ ಅದರ ಮಾತು ಬೇಡ. ಕೀಲಿಯನ್ನು ಹೊಸದಾಗಿ ಮಾಡಬೇಕು, ಅಷ್ಟರಲ್ಲಿ ನನ್ನ ನಿವೃತ್ತಿಯೂ ಆಗಿಹೋಗುತ್ತದೆ. ನಮ್ಮ ತಂಡದ ಕಿರಿಯರು ಅದನ್ನು ಮುಗಿಸುತ್ತಾರೆ. ನನಗೆ ಬೇಸರವಿಲ್ಲವೆಂದರೆ ಯಾರೂ ನಂಬುವುದಿಲ್ಲ. ಬಹಳ ಬೇಸರವಿದೆ. ಜನರಲ್ ಸಾಹೇಬರೇ, ನಿಮ್ಮ ಅಭಿನಂದನೆಯನ್ನು ಮರಳಿಸುತ್ತಿದ್ದೇನೆ, ಮುಂದೆ ಗೆದ್ದವರಿಗಾಗಿ ಅದನ್ನು ಜೋಪಾನವಾಗಿಡಿ.

ನನ್ನ ಮಾತನ್ನು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ಕಾಫಿ ಆರಿಹೋದರೂ ಎದ್ದು ಹೋಗದ ನಿಮಗೆಲ್ಲ ಕೃತಜ್ಞತೆಗಳು. ಮೇಡಂ ಸಮಾರಂಭ ಮುಗಿದ ಮೇಲೆ ತಮ್ಮ ಕೋಣೆಗೆ ಹೋಗಿ, ಸಾಮಾನು ತೆಗೆದುಕೊಂಡು, ಕೊನೆಯ ಸಲ ತಮ್ಮ ಬಸ್ಸಿನ ಕಡೆ ನಡೆಯುತ್ತಾರೆ. ಅವರಿಗೊಂದು ಮಾತು ಇಲ್ಲಿಂದಲೇ ತಿಳಿಸುತ್ತೇನೆ. ಇವತ್ತು ನೀನು ಬಸ್ಸು ಹತ್ತಬೇಡ. ನಿಮ್ಮ ವಿಭಾಗದ ಗೇಟಿನ ಬಳಿ ನಾನು ನಿಂತಿರುತ್ತೇನೆ.

ನಮಸ್ಕಾರ.