ವ್ಯಾನಿನ ಎಡಗಡೆಯ ಕನ್ನಡಿ

...ಅಲ್ಲಾಡಬೇಡ ಅಂದೆನಲ್ಲ ಅಕ್ಕ! ನೋಡು, ಮತ್ತೆ ಕೆನ್ನೆ ಮೇಲೆ ಬಿತ್ತು. ಗ್ಲಾಕೋಮಾ ಔಷಧಿ ಇದು, ಮುಖಕ್ಕೆ ಹಚ್ಚೋ ಪೌಡರ್ ಅಲ್ಲ. ತಲೆ ಹಿಂದಕ್ಕೆ ಹಾಕು. ಕೆಳರೆಪ್ಪೆ ಎಳೆದು ಹಿಡಿ. ಹಾಂ... ಬಿತ್ತು. ಈಗ ಮೂಗಿನ ಪಕ್ಕ ಒತ್ತಿಕೋ. ಇಲ್ಲದಿದ್ದರೆ ಗಂಟಲಿಗಿಳಿದು, ಕಹಿ ಕಹಿ ಅಂತ ನನ್ನ ಪ್ರಾಣ ತಿಂತೀಯ.

ಯಾಕೆ ನಗ್ತೀಯ? ನಗೋ ವಿಷಯಾನಾ ಇದು? ಎದುರಿಗಿರೋದು ಚೆನ್ನಾಗೇ ಕಾಣುತ್ತೆ, ರೋಗ ನೋಟದ ಅಂಚಿನಿಂದ ಕಳ್ಳನ ಹಾಗೆ ತಿಂದುಕೊಂಡು ಬರುತ್ತೆ, ಹೋದದ್ದು ಮತ್ತೆ ಬರಲ್ಲ, ಉಳಿದದ್ದನ್ನ ಈ ಹನಿಯೇ ಕಾಯಬೇಕು... ಡಾಕ್ಟರು ಅಷ್ಟು ಬಿಡಿಸಿ ಹೇಳಿದರೂ ನಿನಗೆ ಮರೆವು! ನಾನು ಬಂದು ಹಾಕದಿದ್ದರೆ ಬಾಟಲಿ ತಪಸ್ಸು ಮಾಡ್ತಾ ಕೂತಿರುತ್ತೆ.

ಬೆರಳು ನನ್ನ ಕಡೆ ಯಾಕೆ? ನನ್ನ ಕಣ್ಣಿಗೇನು ಧಾಡಿ? ಒಡಹುಟ್ಟಿದವರಿಗೂ ಬರಬಹುದು, ತೋರಿಸಿಕೊಳ್ಳಲಿ ಅಂತ ನಿನ್ನ ಡಾಕ್ಟರು ಅಂದರು. ತೋರಿಸಿಕೊಂಡೆ. ಚೆನ್ನಾಗಿದೆ ಅಂದರು. ಮುಗೀತು! ಯಾರು ಅಂದರಾ... ಯಾರೋ ಒಬ್ಬ ಡಾಕ್ಟರು. ಹೆಸರೆಲ್ಲ ಯಾರಿಗೆ ನೆನಪಿರುತ್ತೆ! ಹುಬ್ಬು ಇಳಿಸು ಅಕ್ಕ. ಶಾಲೆ ವ್ಯಾನ್ ಓಡಿಸೋಳು ನಾನು, ಕಣ್ಣು ಸರಿಯಿಲ್ಲದೆ ಓಡಿಸ್ತೀನಾ?

ಕಿಟಕಿಯಿಂದ ಏನು ನೋಡ್ತೀಯ? ಓ, ವ್ಯಾನಿನ ಕನ್ನಡೀನಾ. ಎಡಗಡೇದು ಒಡೀತು. ಆ ಶಾಲೆ ಕಾವಲುಗಾರನ ಘನಕಾರ್ಯ! ಗೇಟಿನ ಒಂದು ಬಾಗಿಲು ಪೂರ್ತಿ ತೆಗೆದ, ಇನ್ನೊಂದು ಅರ್ಧಕ್ಕೇ ಬಿಟ್ಟ. ಕಂಬ ಎಲ್ಲಿತ್ತೋ ಹಾಳಾದ್ದು! ಮಕ್ಕಳಿಗೇನೂ ಆಗಲಿಲ್ಲ. ಪುಟಾಣಿಯೊಂದು ಆ ಎಡಗಡೆಯೇ ನಿಂತಿತ್ತಂತೆ, ಹಾರಿ ಪಕ್ಕಕ್ಕೆ ಸರೀತಂತೆ... ಏನೂ ಆಗಲಿಲ್ಲ ಅಂದೆನಲ್ಲ! ಹಾಗೆ ನೋಡಬೇಡ ನನ್ನ.

ಸರಿ, ಹೊತ್ತಾಯ್ತು, ಮಕ್ಕಳು ಕಾಯ್ತಿರ್ತಾರೆ. ಕೀಲಿ? ಇಲ್ಲೇ ಮೇಜಿನ ಮೇಲೆ ಇಟ್ಟಿದ್ದೆ. ನಿನ್ನ ಮನೇಲಿ ಇಟ್ಟದ್ದು ಇಟ್ಟಲ್ಲಿ ಇದ್ದರೆ ಕೇಳು! ಕೀಲಿ ನೋಡಿದೆಯಾ ಅಕ್ಕ? ಮಾತಾಡಕ್ಕ! ಬಾಯಿಗೂ ಹನಿ ಬಿಟ್ಟೆನಾ? ಕುರ್ಚಿ ಕೆಳಗೂ ಇಲ್ಲ, ಚೀಲದಲ್ಲೂ ಇಲ್ಲ... ಕೈ ಯಾಕೆ ಹಾಗೆ ಚಾಚಿಕೊಂಡು...

ಓ.

ನಿನ್ನ ಕೈಯಲ್ಲೇ ಇದೆ. ನನ್ನ ಎಡಗಿವಿಯ ಪಕ್ಕದಲ್ಲೇ. ಯಾವಾಗಿನಿಂದ ಹಿಡಿದುಕೊಂಡು ಕೂತಿದ್ದೀಯ?... ಹುಡುಕ್ತಿದ್ದಾಗಲೂನಾ? ಕೀಲಿ ಅಲ್ಲಾಡಿಸ್ತಾನೂ ಇದ್ದೆಯಾ?

ಕೊಡು... ಕೊಡಲ್ವಾ?

ಅಕ್ಕ, ಬೈದಾದರೂ ಬಿಡು.

...ಸರಿ. ಶಾಲೆಗೆ ಫೋನ್ ಮಾಡು. ಇವತ್ತು ವ್ಯಾನ್ ಬರಲ್ಲ ಅನ್ನು.