ಹುಚ್ಚೆಳ್ಳು ಚಟ್ನಿ ತಿಂದು ಬಿದ್ದ ಬಗ್ಗೆ ಪವಿತ್ರಾಳ ಹೇಳಿಕೆ

ನನ್ನ ಹೆಸರು ಪವಿತ್ರಾ, ಕೋಂ ಕನಕರಾಜು, ವಯಸ್ಸು 26 ವರ್ಷ, ಹೊಲಿಗೆ ಕೆಲಸ, ವಾಸ ಪಿರಿಯಾಪಟ್ಟಣ ತಾಲ್ಲೂಕು. ಠಾಣೆಗೆ ನಾನಾಗಿ ಬಂದು ಬರೆಸುತ್ತಿರುವುದೇನೆಂದರೆ,

ನನಗೆ ಮದುವೆಯಾಗಿ ನಾಲ್ಕು ವರ್ಷವಾಗಿದ್ದು, ಮಕ್ಕಳಿಲ್ಲ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ ಮಾಯಮ್ಮ ಇರುತ್ತೇವೆ. ದಿನಾಂಕ 12-02-2007ರ ಸೋಮವಾರ ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಗೆ ಅತ್ತೆ ನನಗೆ ಮುದ್ದೆ, ಸೊಪ್ಪಿನ ಸಾರು, ಆಗಷ್ಟೇ ರುಬ್ಬಿದ ಹುಚ್ಚೆಳ್ಳು ಚಟ್ನಿ ಬಡಿಸಿದರು. ಬಡವಾಗಿದ್ದೀಯ ಎಂದು ಚಟ್ನಿಯನ್ನು ಎರಡನೇ ಸಲವೂ ಹಾಕಿದರು. ಅವರಿಗೆ ಸೋಮವಾರದ ಒಪ್ಪತ್ತು ಇದ್ದುದರಿಂದ ಉಣ್ಣಲಿಲ್ಲ. ನಾನು ಕೈ ತೊಳೆಯುವಷ್ಟರಲ್ಲಿ ಅಂಗೈ ನವೆಯಾಗಿ, ಮೈಮೇಲೆ ದದ್ದು ಎದ್ದು, ತುಟಿ ಊದಿ ಗಂಟಲು ಕಟ್ಟಿತು. ಹಿತ್ತಲ ಬಾಗಿಲಲ್ಲಿ ಬಿದ್ದೆ. ಅತ್ತೆಯೇ ಬರಿಗಾಲಲ್ಲಿ ರಸ್ತೆಗೆ ಓಡಿ ಆಟೋ ನಿಲ್ಲಿಸಿ ಆಸ್ಪತ್ರೆಗೆ ತಂದರೆಂದು ಆಮೇಲೆ ತಿಳಿಯಿತು.

ತೊಡೆಗೆ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಬಂತು. ಡಾಕ್ಟರ್ ಸುನಂದಮ್ಮನವರು ಕೂಡಲೇ ನನ್ನ ರಕ್ತ ತೆಗೆದು ಪರೀಕ್ಷೆಗೆ ಮೈಸೂರಿಗೆ ಕಳುಹಿಸಿದರು.

ಸಂಜೆ ನನ್ನ ತವರು ಭೇರ್ಯದಿಂದ ಅಣ್ಣ ಸ್ವಾಮಿ ಬಂದನು. ಅತ್ತೆಯನ್ನು ವಾರ್ಡಿನಲ್ಲೇ ನಿಲ್ಲಿಸಿ, "ನೀವ್ಯಾಕೆ ಉಣ್ನಿಲ್ಲ, ಹೇಳ್ಬುಡಿ" ಎಂದನು. ಅತ್ತೆ, "ಸ್ವಾಮಾರ ಕಣಪ್ಪ" ಎಂದಷ್ಟೇ ಹೇಳಿದರು. ಮಗನಿಗೆ ಇನ್ನೊಂದು ಮದುವೆ ಮಾಡಲು ಅತ್ತೆ ವಿಷ ಹಾಕಿದ್ದಾರೆಂದು ಅಣ್ಣ ದೂರು ಕೊಟ್ಟನು. ನನಗೆ ಮಾತು ಹೊರಡುತ್ತಿರಲಿಲ್ಲ. ಪೊಲೀಸರು ಉಳಿದಿದ್ದ ಚಟ್ನಿಯನ್ನು ಪರೀಕ್ಷೆಗೆ ಕಳುಹಿಸಿ, ಅತ್ತೆಯನ್ನು ಠಾಣೆಗೆ ಕರೆದೊಯ್ದು ವಿಚಾರಿಸಿದರು. ಅಂದಿನಿಂದ ಅಕ್ಕಪಕ್ಕದವರು ನಮ್ಮ ಮನೆಯ ಮಜ್ಜಿಗೆ ಮುಟ್ಟಲಿಲ್ಲ.

ಮೈಸೂರಿನ ವರದಿ ಬಂದ ಮೇಲೆ ಡಾಕ್ಟರು ನಮ್ಮನ್ನು ಕರೆಸಿದರು. ಮೈಯೊಳಗೆ ಕಾವಲಿನ ಕಣಗಳಿರುತ್ತವೆ, ಕೆಲವರಲ್ಲಿ ಅವು ಊಟವನ್ನೇ ಶತ್ರುವೆಂದು ತಿಳಿದು ಕೆರಳಿ ತಮ್ಮೊಳಗಿನದನ್ನು ಚೆಲ್ಲುತ್ತವೆ, ಹಾಗೆ ಚೆಲ್ಲಿದ ಅಂಶ ನನ್ನ ರಕ್ತದಲ್ಲಿ ಬಹಳವಿತ್ತು ಎಂದರು. ಯಾವ ಊಟಕ್ಕೆ ಎಂಬುದನ್ನು ಆ ವರದಿ ಹೇಳುವುದಿಲ್ಲವೆಂದೂ, ಅದನ್ನು ನೋಡುವ ಲ್ಯಾಬ್ ಬೆಂಗಳೂರಿನಲ್ಲಿದೆಯೆಂದೂ ತಿಳಿಸಿದರು. ಅಣ್ಣ ನಂಬಲಿಲ್ಲ. ಇಲ್ಲಿಗೆ ಬಿಟ್ಟುಬಿಡೋಣ ಎಂದು ನನ್ನ ಗಂಡ ಹೇಳಿದರೂ ನಾನು ಒಪ್ಪಲಿಲ್ಲ. ಬದಲಾಯಿಸಿದರೆಂಬ ಮಾತು ಬರಬಾರದೆಂದು ನಮ್ಮ ಅಡುಗೆಮನೆಯ ರಾಗಿ, ಸೊಪ್ಪು, ಹುಚ್ಚೆಳ್ಳನ್ನು ಅಣ್ಣನೇ ತನ್ನ ಕೈಯಾರೆ ಕಟ್ಟಿಕೊಂಡು ನನ್ನೊಂದಿಗೆ ಬೆಂಗಳೂರಿನ ಬಸ್ಸು ಹತ್ತಿದನು.

ಅಲ್ಲಿ ನನ್ನ ರಕ್ತ ತೆಗೆದು ಒಂದೊಂದು ಪದಾರ್ಥದ ಸಾರದೊಂದಿಗೆ ಬೇರೆಬೇರೆಯಾಗಿ ಬೆರೆಸಿದರು. ರಾಗಿಗೂ ಸೊಪ್ಪಿಗೂ ಕಣಗಳು ಸುಮ್ಮನಿದ್ದವು. ಹುಚ್ಚೆಳ್ಳಿಗೆ ಮಾತ್ರ ಕೆರಳಿದವು. ಹೋಲಿಸಿ ನೋಡಲು ಅಣ್ಣನ ರಕ್ತವನ್ನೂ ಅದೇ ಹುಚ್ಚೆಳ್ಳಿನೊಂದಿಗೆ ಬೆರೆಸಿದರು. ಅವನ ಕಣಗಳಿಗೆ ಏನೂ ಆಗಲಿಲ್ಲ. ವಾಪಸ್ ಬರುವಾಗ ಹುಣಸೂರು ದಾಟಿದ ಮೇಲೆ ಅಣ್ಣ, "ಆಯಮ್ಮನ ಮಕ ಎಂಗ್ ನೋಡ್ಲಿ ಕಣವ್ವ" ಎಂದನು. ಪೊಲೀಸರು ಕಳುಹಿಸಿದ್ದ ಚಟ್ನಿಯಲ್ಲಿಯೂ ವಿಷವಿಲ್ಲವೆಂದು ಈಗ ವರದಿ ಬಂದಿರುತ್ತದೆ.

ನನ್ನ ಅತ್ತೆಯ ಮೇಲೆ ನನ್ನದು ಯಾವ ದೂರೂ ಇರುವುದಿಲ್ಲ. ಈಚೆಗೆ ಅವರು ನನಗೆ ಬಡಿಸಿದ ತಟ್ಟೆಯಿಂದ ಮೊದಲ ತುತ್ತನ್ನು ತಾವೇ ತಿಂದು, ನುಂಗಿ, ನನಗೆ ಬಾಯಿ ತೆರೆದು ತೋರಿಸಿ, ಆಮೇಲೆ ತಟ್ಟೆಯನ್ನು ನನ್ನ ಮುಂದಿಡುತ್ತಾರೆ. ಬೇಡವೆಂದರೂ ಬಿಡುವುದಿಲ್ಲ. ಕೇಸು ಮುಗಿಯಿತೆಂದು ಠಾಣೆಯವರೇ ಒಮ್ಮೆ ನಮ್ಮ ಮನೆಗೆ ಬಂದು ಅವರಿಗೆ ಹೇಳಬೇಕೆಂದು ಕೋರುತ್ತೇನೆ.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದ್ದು, ನಾನು ಹೇಳಿದಂತೆಯೇ ಇರುತ್ತದೆ, ಸತ್ಯವಾಗಿರುತ್ತದೆ.

ಸ್ಥಳ: ಪಿರಿಯಾಪಟ್ಟಣ
ದಿನಾಂಕ: 19-04-2007
ಸಹಿ: ಪವಿತ್ರಾ