ಎಂಟನೇ ನಂಬರಿನವನನ್ನು ಕರ್ಕೊಂಡು ಬರೋರು

ಅಯ್ಯೋ, ಈಗಲೇ ಎದ್ದೇಳ್ಬೇಡಿ ಸ್ವಾಮಿ! ಕೂತ್ಕೊಳ್ಳಿ, ಕೂತ್ಕೊಳ್ಳಿ… ಇನ್ನೂ ಸೀಟಿ ಊದಿಲ್ಲ. ಆಟ ಮುಗಿದ ಮೇಲೆ ಅವರೇ ಮೈಕಲ್ಲಿ ಕರೀತಾರೆ, ಒಬ್ಬೊಬ್ಬರ ನಂಬರ್ ಹೇಳಿ. ಮೊದಲೇ ಒಳಗೆ ಕಾಲಿಟ್ರೆ ಆ ಪಿ.ಟಿ. ಮೇಷ್ಟ್ರು ಇದಾರಲ್ಲ, ನಮ್ಮನ್ನೂ ಗ್ರೌಂಡ್ ಸುತ್ತ ಓಡಿಸಿಬಿಡ್ತಾರೆ!

ನಿಮಗೆ ಇದು ಮೊದಲನೇ ಸಲ ಅಲ್ವಾ? ಮುಖ ನೋಡಿದ್ರೇ ಗೊತ್ತಾಗುತ್ತೆ, ಮದುವೆ ಗಂಡಿನ ಥರ ಬೆವೀತಿದೀರಿ. ಏನೂ ಕಷ್ಟ ಇಲ್ಲ ರೀ. ಈ ಹೈಸ್ಕೂಲಲ್ಲಿ ಹಿಂದಿನಿಂದ ಬಂದ ಪದ್ಧತಿ ಇದು. ವರ್ಷದ ಕೊನೇ ಆಟ ಮುಗಿದ ಮೇಲೆ, ಸ್ಕೂಲು ಬಿಡೋ ಹುಡುಗರು ತಾವಾಗಿ ಹೊರಗೆ ಬರೋ ಹಾಗಿಲ್ಲ. ಮಧ್ಯದಲ್ಲಿ ಸುಣ್ಣದಲ್ಲಿ ವೃತ್ತ ಎಳೆದಿದಾರಲ್ಲ, ಅಲ್ಲೇ ನಿಂತಿರಬೇಕು. ಮನೆಯಿಂದ ಒಬ್ರು ಹೋಗಿ, ಹೆಗಲ ಮೇಲೆ ಕೈ ಹಾಕಿ ಕರ್ಕೊಂಡು ಬರಬೇಕು. ಒಬ್ರೇ! ಅಪ್ಪನೋ, ಅಮ್ಮನೋ, ಅಜ್ಜಿನೋ… ಯಾರು ಬರಬೇಕು ಅಂತ ಹುಡುಗನೇ ಆರಿಸ್ಕೋಬೇಕು.

ನನ್ನೋನಾ? ಅಗೋ, ಎಂಟನೇ ನಂಬರ್. ಎಡಗಾಲಲ್ಲಿ ಆಡ್ತಾನಲ್ಲ… ನೋಡಿ, ನೋಡಿ, ನೋಡಿ… ಛೆ! ಕೂದಲೆಳೆಯಲ್ಲಿ ತಪ್ತು! ಆ ಎಡಗಾಲು ನಾನು ಕಲಿಸಿದ್ದು ರೀ. ಹಜಾರದಲ್ಲಿ, ಕಾಲುಚೀಲ ಸುತ್ತಿ ಚೆಂಡು ಮಾಡಿ. ಬಲಗಾಲಲ್ಲಿ ಒದ್ರೆ ಗೋಲಿಲ್ಲ ಅಂತ ರೂಲ್ಸು. ಅವರಮ್ಮ ಬಯ್ಯೋಳು, ಮಗೂನ ಕುಂಟ ಮಾಡ್ತೀಯ ಅಂತ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರಾ? ಅನ್ನಿ, ಅನ್ನಿ. ಆದ್ರೂ ಈ ಟೀಮಲ್ಲಿ ಆಟ ಅಂತ ಬರೋದು ಅವನೊಬ್ಬನಿಗೇ. ಆ ಗೋಲ್‌ಕೀಪರ್ ಗುಂಡನ್ನ ನೋಡಿ, ಚೆಂಡು ಬಿಟ್ಟಾಗಲೆಲ್ಲ ನೆಲ ಒದೀತಾನೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ಈ ವರ್ಷ ಆಡಿದ್ದರಲ್ಲಿ ಅರ್ಧಕ್ಕರ್ಧ ಸೋತಿದಾರೆ.

ಯಾಕೆ ನಗ್ತೀರಿ? ನಿಮ್ಮವನು ಯಾವನು?… ಅಲ್ಲೇ ಇದಾನಾ. ಅಲ್ಲೇ ಅಂದ್ರೆ ಎಲ್ಲಿ?… ಸರಿ ಬಿಡಿ, ನೀವು ಮಾತು ಕಮ್ಮಿ. ನಿಮ್ಮ ಪಾಲಿಂದೂ ಸೇರಿಸಿ ನಾನೇ ಆಡ್ತೀನಿ. ಬಸ್ ಡ್ರೈವರ್ ರೀ ನಾನು. ದಿನವಿಡೀ ಬೆನ್ನ ಹಿಂದೆ ಬಸ್ ತುಂಬ ಜನ, ತಲೆ ಮೇಲೆ ಬೋರ್ಡು… ‘ಡ್ರೈವರ್ ಜೊತೆ ಮಾತಾಡಬೇಡಿ’ ಅಂತ! ಮನೆಗೆ ಹೋದ್ರೆ… ಮನೇಲಿ ಏನು, ಮನೇಲಿ ಮಗ ಇದಾನಲ್ಲ.

ಹಾರ್ನ್ ಬಸ್ ಕಥೆ ಕೇಳಿದೀರಾ? ಅದು ನಾನೇ! ನನ್ನ ಬಸ್ಸು ಆ ತಂತಿಬೇಲಿ ಪಕ್ಕದಲ್ಲೇ ಹೋಗ್ತಿತ್ತು. ಆಟ ಇದ್ದ ದಿನ ತಿರುವಲ್ಲಿ ನಿಧಾನ ಮಾಡಿ, ಒಂದ್ಸಲ ಪೋಂ… ಅಂತ ಹೊಡೀತಿದ್ದೆ. ಒಂದಿನ ಹೊಡೆದ ಕೂಡಲೇ ಗೋಲ್ ಬಿತ್ತು ನೋಡಿ! ಮುಗೀತು, ಹುಡುಗರಿಗೆ ಅದೇ ಶಕುನ ಆಯ್ತು. ಬಸ್ ಕಂಡ್ರೆ ಸಾಕು, ಎಲ್ಲರೂ ಕೈ ಎತ್ತೋರು. ಆ ಗುಂಡ ಗೋಲ್ ಬಿಟ್ಟು ಬೇಲಿ ಹತ್ರ ಓಡಿ ಬರೋನು! ಎಂಟನೇ ನಂಬರಾ?… ಇಲ್ಲ, ಅವನು ಎತ್ತಲ್ಲ. ಗಮನ ರೀ, ಆಟದ ಮೇಲೆ ಗಮನ. ನಾನು ಅವನಪ್ಪ ಅಂತ ಟೀಮಲ್ಲಿ ಯಾರಿಗೂ ಗೊತ್ತಿಲ್ಲ. ಹೇಳ್ಕೊಂಡಿಲ್ಲ ಅವನು. ಜಂಬ ಅನ್ನೋದೇ ಇಲ್ಲ ನೋಡಿ ಅವನಿಗೆ.

ಆಮೇಲೆ ಯಾರೋ ಪುಣ್ಯಾತ್ಮ ದೂರು ಕೊಟ್ಟ, ಇವನು ಬಸ್ ಓಡಿಸ್ತಾನೋ ಫುಟ್‌ಬಾಲ್ ನೋಡ್ತಾನೋ ಅಂತ. ನನ್ನ ರೂಟು ಬದಲಾಯಿಸಿಬಿಟ್ರು. ಇಲ್ಲಿ ಶುರುವಾಯ್ತು, ಒಂದರ ಮೇಲೊಂದು ಸೋಲು! ಹುಡುಗರು ಡಿಪೋಗೇ ಬಂದ್ರು ರೀ! ‘ನಮ್ಮ ಹಾರ್ನ್ ಅಂಕಲ್ಲನ್ನ ವಾಪಸ್ ಕೊಡಿ’ ಅಂತ. ಇಡೀ ಟೀಮು!… ಇಲ್ಲ, ನನ್ನ ಮಗ ಬಂದಿರಲಿಲ್ಲ. ಅವನಿಗೆ ಅವತ್ತು ಜ್ವರ. ಯಾಕೆ ಹಾಗೆ ನೋಡ್ತೀರಿ? ಹುಡುಗರಿಗೆ ಜ್ವರ ಬರಲ್ವಾ?

ಇವತ್ತು ಬರಬಾರದು ಅಂತಾನೇ ಇದ್ದೆ. ಅವನು ಬಿಡಬೇಕಲ್ಲ! ನಿನ್ನೆ ರಾತ್ರಿ ಊಟ ಮಾಡ್ತಾ, ಅದೂ ನಿಂತ್ಕೊಂಡೇ ಊಟ ಅವನದು, ಎಷ್ಟು ಬಯ್ದರೂ ಅಷ್ಟೇ… ‘ಅಪ್ಪಾ, ನಾಳೆ ನನ್ನ ಕರ್ಕೊಂಡು ಬರೋಕೆ ನೀನೇ ಬರಬೇಕು’ ಅಂದ. ಡ್ಯೂಟಿ ಇದೆ ಕಣೋ ಅಂದೆ. ‘ಅದೆಲ್ಲ ಗೊತ್ತಿಲ್ಲ, ನೀನು ಬರದೇ ಇದ್ರೆ ಅಲ್ಲೇ ನಿಂತಿರ್ತೀನಿ’ ಅಂದ ರೀ! ಅದಕ್ಕೇ ರಜ ಹಾಕಿ, ಈ ಶರ್ಟು ಇಸ್ತ್ರಿ ಮಾಡಿಸ್ಕೊಂಡು… ಯಾಕೆ ಸ್ವಾಮಿ ಕೆಮ್ತೀರಿ? ಧೂಳಾ? ಹೌದು, ಧೂಳು ಜಾಸ್ತಿ ಇಲ್ಲಿ.

ನಿಮ್ಮ ಮನೆಯವರು ಬಂದಿಲ್ವಾ?… ಡ್ಯೂಟಿನಾ. ಎಲ್ಲಿ?… ಆಸ್ಪತ್ರೇಲಾ… ನರ್ಸಾ…

ಹೂಂ. ಇರ್ತಾರೆ ಬಿಡಿ. ಇಷ್ಟು ದೊಡ್ಡ ಊರಲ್ಲಿ ನರ್ಸುಗಳಿಗೇನು ಬರ. ನಮ್ಮ… ಅವರಮ್ಮನದೂ ಅದೇ ಕೆಲಸ. ಅವಳಿಗೂ ಇವತ್ತು ರಜ ಸಿಕ್ಕಿರಲಿಕ್ಕಿಲ್ಲ. ಅಂದ್ರೆ… ಸಿಕ್ಕಿಲ್ಲ. ಸಿಕ್ಕಿಲ್ಲ ಅಂದೆ.

ಸೀಟಿ! ಮುಗೀತು. ಸೋತ್ರು… ಹೋಗ್ಲಿ ಬಿಡಿ, ಯಾರೂ ಅಳ್ತಿಲ್ಲ. ನೋಡಿ, ನಿಂತ್ಕೊಂಡ್ರು ಎಲ್ಲ ವೃತ್ತದಲ್ಲಿ. ಒಂದನೇ ನಂಬರ್ ಅಂದ್ರು! ಗುಂಡನ ಅಜ್ಜಿ ಓಡ್ತಿದಾರೆ ನೋಡಿ! ಅಜ್ಜೀನ ಗೋಲಿಗೆ ನಿಲ್ಲಿಸಿದ್ರೆ ಗೆಲ್ತಿದ್ರು, ಹಹ್ಹಾ! ಆಮೇಲೆ ನಾಲ್ಕು… ಅವನ ಅಕ್ಕ ಇರಬೇಕು. ಏಳು… ಅಪ್ಪ. ಅಪ್ಪ ಅಳ್ತಿದಾನೆ, ಪಾಪ…

ಎಂಟು.

ಎಂಟು ಅಂದ್ರು. ಕೇಳಿಸ್ತು, ಕೇಳಿಸ್ತು… ಹೋಗ್ತೀನಿ. ಷೂ ಲೇಸು ಬಿಚ್ಚಿದೆ, ಕಟ್ಕೊಂಡು…

ನೀವ್ಯಾಕೆ ಎದ್ರಿ?

ಎದ್ದವರು ಮತ್ತೆ ಯಾಕೆ ಕೂತ್ರಿ? ಎಂಟು ಅಂದಾಗ ಎದ್ರಲ್ಲ ನೀವು. ನೋಡಿದೆ ನಾನು… ಮಾತಾಡಿ ಸ್ವಾಮಿ. ನೆಲ ಏನು ನೋಡ್ತೀರಿ, ನನ್ನ ನೋಡಿ ಮಾತಾಡಿ.

ಓಹ್.

ಇಷ್ಟೊತ್ತು ಸುಮ್ಮನೆ ಕೇಳಿಸ್ಕೊಂಡ್ರಲ್ಲ ನೀವು. ಜ್ವರ ಅಂದೆ, ಕೇಳಿದ್ರಿ. ರಾತ್ರಿ ಊಟ ಅಂದೆ, ಅದನ್ನೂ ಕೇಳಿದ್ರಿ. ಅವನು ನಿನ್ನೆ ರಾತ್ರಿ ಯಾರ ಮನೇಲಿ ಉಂಡ, ಯಾರನ್ನ ಬಾ ಅಂದ… ಎಲ್ಲ ಗೊತ್ತಿತ್ತು ನಿಮಗೆ. ‘ಸುಳ್ಳು’ ಅಂತ ಒಂದು ಮಾತು ಅನ್ನಬಾರದಿತ್ತಾ? ಎದ್ದು ಹೋಗ್ತಿದ್ದೆ ನಾನು. ಮಾನ ಉಳೀತಿತ್ತು. ಅವರಮ್ಮ ಅವನನ್ನ ಕರ್ಕೊಂಡು ಹೋದಾಗ ಅವನಿಗೆ ಹಲ್ಲು ಬೀಳೋ ವಯಸ್ಸು ಸ್ವಾಮಿ. ಈಗ ಅವನು ನಿಂತು ಉಣ್ತಾನೋ ಕೂತು ಉಣ್ತಾನೋ, ನನಗೇನು ಗೊತ್ತು? ಯಾರೂ ಕರೀಲಿಲ್ಲ ನನ್ನ. ಕೊನೇ ಗಳಿಗೇಲಿ ಕಂಡ್ರೆ ಕರೀತಾನೇನೋ ಅಂತ ಬಂದೆ.

ಮತ್ತೆ ಕರೀತಿದಾರೆ. ಎಲ್ಲರೂ ಹೋಗಿಬಿಟ್ರು, ಅವನೊಬ್ಬನೇ ನಿಂತಿದಾನೆ ಪಾಪ… ಈ ಕಡೆ ನೋಡ್ತಿದಾನೆ. ನನ್ನನ್ನಲ್ಲ. ನಾನೂ ನೋಡಿದೆ, ನನ್ನನ್ನಲ್ಲ.

ಏನು? ನಾನಾ? ಬೇಡ ಬೇಡ, ಕೈ ಎಳೀಬೇಡಿ. ನಿಮ್ಮ ಒಳ್ಳೇತನ ನನಗೆ ಬೇಡ ಸ್ವಾಮಿ, ತಡ್ಕೊಳ್ಳೋಕಾಗಲ್ಲ. ಅವನು ಕೇಳಿರೋದು ನಿಮ್ಮನ್ನ. ಏಳಿ, ಹೋಗಿ. ಅಷ್ಟು ಜನರ ಮುಂದೆ ಮಗೂನ ಒಂಟಿಯಾಗಿ ನಿಲ್ಲಿಸಬೇಡಿ… ಹೋಗಿ ಅಂದೆನಲ್ಲ!

ಸ್ವಾಮಿ… ಒಂದು ನಿಮಿಷ.

ಕರ್ಕೊಂಡು ಬರೋವಾಗ ಈ ಕಡೆಯಿಂದ ಬರ್ತೀರಾ? ನಿಲ್ಲಿಸೋದೇನೂ ಬೇಡ. ಸುಮ್ಮನೆ ಹೀಗೆ ಮುಂದೆ ಹಾದು ಹೋಗಿ, ಸಾಕು. ನಾನು ಏನೂ ಮಾತಾಡಲ್ಲ… ಒಂದು ಮಾತೂ ಆಡಲ್ಲ.